ಹಿಂದಿನ ಆಕ್ಸಲ್ಲಿಗೆ ಒಂದು ಲಾಕು



ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಿದ್ದಾಗ ಓದಿ. ಸಂಘದ ಪಿಕಪ್ ಗಾಡಿಗೆ ಒಂದೂವರೆ ಲಕ್ಷದ ಮೇಲೆ ಸುರಿದಿದ್ದು ಯಾಕೆ ಅಂತ ಎಷ್ಟೋ ಜನ ಇನ್‌ಬಾಕ್ಸ್‌ನಲ್ಲಿ ಕೇಳಿದ್ದೀರಿ. ಒಬ್ಬ ಹಳೇ ಸ್ನೇಹಿತರಂತೂ "ಚಳವಳಿ ಸಾಕಾಗಿ ಆಫ್‌ರೋಡ್ ಶೋಕಿ ಶುರುವಾಯ್ತಾ?" ಅಂತ ಎಲ್ಲರೆದುರೇ ಕಾಮೆಂಟ್ ಹಾಕಿದ್ರು. ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದ್ರೆ ಜನರ ದುಡ್ಡು ತಗೊಂಡ ಮೇಲೆ ಲೆಕ್ಕ ಕೊಡಬೇಕಾದ್ದು ನಮ್ಮ ಕರ್ತವ್ಯ. ದುಡ್ಡಿನ ಲೆಕ್ಕದ ಜೊತೆಗೆ ಯೋಚನೆ ಮಾಡಿದ ಲೆಕ್ಕವನ್ನೂ ಕೊಡ್ತಿದ್ದೀನಿ.

ನಮ್ಮದು ಫೋರ್ ವೀಲ್ ಡ್ರೈವ್ ಇರೋ ಡಬಲ್ ಕ್ಯಾಬಿನ್ ಪಿಕಪ್. 2018ರಲ್ಲಿ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಕಂಪನಿ ಹೆಸರು ಬೇಡ, ಅದು ಈ ಕತೆಗೆ ಮುಖ್ಯ ಅಲ್ಲ. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೊ ಹೊರೋದು ಅದೇ, ಪ್ರತಿಭಟನೆಗೆ ಮೈಕ್ ಸೆಟ್ಟು ಹೊರೋದು ಅದೇ, ಕಾಯಿಲೆಯವರನ್ನ ಆಸ್ಪತ್ರೆಗೆ ಒಯ್ಯೋದು ಅದೇ, ಆಸ್ಪತ್ರೆಯಿಂದ ಹೆಣ ವಾಪಸ್ ತರೋದೂ ಅದೇ. ಓಡಿಸೋರು ಆರು ಜನ. ಒಬ್ಬೊಬ್ಬರ ಕ್ಲಚ್ಚು ಒಂದೊಂದು ಥರ!

ಮೂಡಿಗೆರೆ ಕಡೆಯ ಮಳೆ ಕಂಡಿರೋರಿಗೆ ನಮ್ಮ ಕೇರಿ ದಾರಿ ವಿವರಿಸಬೇಕಾಗಿಲ್ಲ. ಕಾಣದೇ ಇರೋರಿಗೆ ಹೇಳ್ತೀನಿ. ಟಾರು ಎಸ್ಟೇಟ್ ಗೇಟಿನ ತನಕ ಇದೆ. ನೀಟಾದ ಟಾರು, ಎರಡೂ ಕಡೆ ಚರಂಡಿ. ಗೇಟಿನ ಪಕ್ಕದಿಂದ ಮೇಲಕ್ಕೆ ಹೋಗೋ ಮಣ್ಣಿನ ದಾರಿ ನಮ್ಮದು. ಒಂದು ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಜೂನ್‌ನಿಂದ ಅಕ್ಟೋಬರ್ ತನಕ ಅದು ರಸ್ತೆ ಅಲ್ಲ, ಹಳ್ಳ. ಮಧ್ಯದಲ್ಲೊಂದು ತಿರುವಿದೆ. ಎಡಕ್ಕೆ ಆಳವಾದ ಚಾಡಿ, ಬಲಕ್ಕೆ ಬಂಡೆ. ಗಾಡಿ ಅಲ್ಲಿಗೆ ಬಂದ್ರೆ ಹಿಂದಿನ ಒಂದು ಚಕ್ರ ಚಾಡಿಗಿಳಿಯುತ್ತೆ, ಅದರ ಓರೆಗಿರೋ ಮುಂದಿನ ಚಕ್ರ ಮೇಲೇಳುತ್ತೆ. ಆಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದ್ರೂ ಆ ಎರಡು ಚಕ್ರ ಗಿರಗಿರ ಸುತ್ತುತ್ತವೆ. ಉಳಿದೆರಡು ಕದಲಲ್ಲ.

2022ರ ಜುಲೈ ತಿಂಗಳ ಒಂದು ರಾತ್ರಿ ಅಲ್ಲೇ ಸಿಕ್ಕಿಕೊಂಡ್ವಿ. ಹಿಂದಿನ ಸೀಟಲ್ಲಿ ಹೆರಿಗೆ ನೋವು ತಿಂತಿದ್ದ ಹುಡುಗಿ, ಅವಳಮ್ಮ, ಇನ್ನೊಬ್ಬಳು ಅಕ್ಕ. ಆಂಬುಲೆನ್ಸ್ ಟಾರಿನ ತನಕ ಮಾತ್ರ ಬರುತ್ತೆ. ಅಲ್ಲಿಗೆ ಇಳಿಸೋದು ನಮ್ಮ ಕೆಲಸ. ಇಳಿಜಾರಲ್ಲೂ ಸಿಕ್ಕಿಕೊಳ್ಳುತ್ತಾ ಅಂತ ಕೇಳ್ತೀರಿ. ಸಿಕ್ಕಿಕೊಳ್ಳುತ್ತೆ. ತಿರುವಿಗೆ ಮುಂಚೆ ಒಂದು ಸಣ್ಣ ಏರಿದೆ, ಅದನ್ನ ಹತ್ತಿಯೇ ಇಳೀಬೇಕು. ಕಲ್ಲು ಕೊಟ್ವಿ, ಸೊಪ್ಪು ಹಾಕಿದ್ವಿ, ಗೋಣಿಚೀಲ ಹಾಸಿದ್ವಿ. ಚೀಲ ಎಗರಿ ಹೋಗಿ ಕಾಫಿ ಗಿಡದ ಮೇಲೆ ಬಿತ್ತು. ಕೊನೆಗೆ ಒಬ್ಬ ಹುಡುಗ ಓಡಿಹೋಗಿ ಎಸ್ಟೇಟ್ ಸಾಹುಕಾರ್ರ ಮನೆ ಬಾಗಿಲು ಬಡಿದ. ಟ್ರ್ಯಾಕ್ಟರ್ ಬರೋಕೆ ಒಂದು ಗಂಟೆ ಹಿಡೀತು. ಬಂದ ಮೇಲೆ ಐದು ನಿಮಿಷದ ಕೆಲಸ. ಡ್ರೈವರ್ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಪೆಡಲ್ ಒತ್ತಿದ, ಹಿಂದಿನ ಎರಡು ದೊಡ್ಡ ಚಕ್ರಗಳೂ ಒಟ್ಟಿಗೆ ತಿರುಗಿದ್ವು, ನಮ್ಮನ್ನ ಎಳೆದು ಹಾಕ್ತು. ಹೆರಿಗೆ ಸುಸೂತ್ರವಾಗಿ ಆಯ್ತು. ಆ ಮಗು ಈಗ ಕೇರಿ ತುಂಬಾ ಓಡಾಡ್ತಾಳೆ, ನನ್ನ ಕನ್ನಡಕ ಕಿತ್ಕೊಳ್ತಾಳೆ.

ಇಷ್ಟೇ ಆಗಿದ್ರೆ ಆ ಮನೆಯವರಿಗೆ ಕೈ ಮುಗಿದು ಸುಮ್ಮನಾಗ್ತಿದ್ವಿ. ಮುಗಿದ್ವಿ ಕೂಡ. ಆದ್ರೆ ಆ ಹೊತ್ತಲ್ಲೇ ನಮ್ಮ ಸ್ಮಶಾನದ ಜಾಗ ಒತ್ತುವರಿ ಆಗಿರೋ ಬಗ್ಗೆ ತಹಶೀಲ್ದಾರರಿಗೆ ಅರ್ಜಿ ಕೊಡೋಕೆ ಸಹಿ ಮಾಡಿಸ್ತಿದ್ವಿ. ಒತ್ತುವರಿ ಯಾರದು ಅಂತ ಬಿಡಿಸಿ ಹೇಳಬೇಕಾ? ಎರಡು ವಾರ ಆದ ಮೇಲೆ ಅಂಗಡಿ ಕಟ್ಟೆ ಮೇಲೆ ಒಂದು ಮಾತು ಬಂತು. "ಆವತ್ತು ರಾತ್ರಿ ಯಾರ ಮನೆ ಟ್ರ್ಯಾಕ್ಟರ್ ಬಂದಿತ್ತು ಅಂತ ಸಹಿ ಹಾಕೋರು ನೆನಪಿಟ್ಕೊಳ್ಳಲಿ." ಬೆದರಿಕೆ ಅನ್ನೋ ಹಾಗಿಲ್ಲ. ನಗ್ತಾ ನಗ್ತಾ ಹೇಳಿದ್ದು. ಮಾರನೇ ದಿನ ನಾಲ್ಕು ಮನೆಯವರು ಸಹಿ ವಾಪಸ್ ತಗೊಂಡ್ರು. ಅದರಲ್ಲಿ ಆ ಹುಡುಗಿಯ ಅಪ್ಪನ ಸಹಿಯೂ ಒಂದು. ಅವನನ್ನ ನಾನು ಬೈಯಲಿಲ್ಲ. ಹೇಗೆ ಬೈಲಿ?

ಆಗ ತಲೆಗೆ ಬಂತು, ನಮಗೂ ಆ ಪೆಡಲ್ ಬೇಕು ಅಂತ.

ನಾನು ಎಂಜಿನಿಯರ್ ಅಲ್ಲ. ಡಿಫರೆನ್ಷಿಯಲ್ ಅಂದ್ರೆ ಏನು ಅಂತ ನನಗೆ ಕಲಿಸಿದ್ದು ಹಾಸನದ ಒಬ್ಬ ಗ್ಯಾರೇಜ್ ಮೇಸ್ತ್ರಿ. ಗಾಡಿ ತಿರುವು ತಗೊಳ್ಳುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದ್ರೆ ಟೈರು ಉಜ್ಜಿಕೊಂಡು ಹೋಗುತ್ತೆ, ಸ್ಟೇರಿಂಗ್ ತಿರುಗಲ್ಲ. ಅದಕ್ಕೇ ಮಧ್ಯದಲ್ಲಿ ಹಲ್ಲುಚಕ್ರಗಳ ಗೊಂಚಲು ಇಟ್ಟು, ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋ ಹಾಗೆ ಮಾಡಿರ್ತಾರೆ. 1827ರಲ್ಲಿ ಒನೆಸಿಫೋರ್ ಪೆಕ್ಯೂರ್ ಅನ್ನೋ ಫ್ರಾನ್ಸಿನ ಗಡಿಯಾರ ಕೆಲಸದವನು ಉಗಿ ಗಾಡಿಗೋಸ್ಕರ ಹುಡುಕಿದ್ದು. ಇವತ್ತಿಗೂ ಕಾರು, ಬಸ್ಸು, ಲಾರಿಗಳ ಹೊಟ್ಟೆಯಲ್ಲಿರೋದು ಅದೇ ಲೆಕ್ಕ.

ನಾನು ಒಂದೆರಡು ಸಭೆಯಲ್ಲಿ ಇದನ್ನ ಉಪಮೆ ಮಾಡಿ ಹೇಳಿದ್ದೆ. "ಈ ದೇಶದ ವ್ಯವಸ್ಥೆ ಡಿಫರೆನ್ಷಿಯಲ್ ಇದ್ದ ಹಾಗೆ. ನೆಲಕ್ಕೆ ಕಾಲೂರಿ ದುಡಿಯೋ ಚಕ್ರಕ್ಕೆ ಏನೂ ಕೊಡಲ್ಲ, ಗಾಳಿಯಲ್ಲಿ ಸುಮ್ಮನೆ ತಿರುಗೋ ಚಕ್ರಕ್ಕೆ ಎಲ್ಲಾನೂ ಕೊಡುತ್ತೆ" ಅಂತ. ಚಪ್ಪಾಳೆ ಬೀಳ್ತಿತ್ತು. ಮೇಸ್ತ್ರಿ ಮುಂದೆ ಅದೇ ಡೈಲಾಗ್ ಹೊಡೆದೆ. ಅವರು ಕೈ ಒರೆಸ್ಕೊಂಡು ಹೇಳಿದ್ರು, "ತಪ್ಪು ಸರ್ ಅದು. ಡಿಫರೆನ್ಷಿಯಲ್ ಎರಡೂ ಕಡೆಗೂ ಸಮ ಸಮಾನೇ ಹಂಚುತ್ತೆ. ಅದರ ತೊಂದರೆನೇ ಅದು." ನಂಗರ್ಥ ಆಗಲಿಲ್ಲ. "ಕೆಸರಲ್ಲಿ ಜಾರ್ತಿರೋ ಚಕ್ರ ತಿರುಗಿಸೋಕೆ ಹತ್ತು ಕೇಜಿ ಬಲ ಸಾಕು ಅಂದ್ಕೊಳಿ. ಅಷ್ಟಕ್ಕೇ ಅದು ಸುತ್ತೋಕೆ ಶುರು ಮಾಡುತ್ತೆ, ಅದಕ್ಕಿಂತ ಜಾಸ್ತಿ ತಗೊಳಲ್ಲ. ಸಮಾನ ಅಲ್ವಾ, ಈ ಕಡೆ ಗಟ್ಟಿ ನೆಲದ ಮೇಲಿರೋ ಚಕ್ರಕ್ಕೂ ಹತ್ತೇ ಕೇಜಿ. ಇದಕ್ಕೆ ಗಾಡಿ ಎಳೆಯೋಕೆ ಇನ್ನೂರು ಬೇಕು. ಎಂಜಿನ್‌ನಲ್ಲಿ ಇನ್ನೂರು ಇದೆ. ಆದ್ರೆ ಬರಲ್ಲ."

ಆಮೇಲೆ ಆ ಉಪಮೆ ಬಿಟ್ಟೆ. ಬೇರೇದು ಸಿಕ್ಕಿತಲ್ಲ!

ಫೋರ್ ವೀಲ್ ಡ್ರೈವ್ ಇದ್ರೆ ನಾಲ್ಕೂ ಚಕ್ರ ಎಳೆಯುತ್ತೆ ಅಂತ ನಾವೆಲ್ಲ ನಂಬಿರ್ತೀವಿ. ಅದೂ ಪೂರ್ತಿ ನಿಜ ಅಲ್ಲ. ನಮ್ಮಂಥ ಪಿಕಪ್‌ಗಳಲ್ಲಿ ಲಿವರ್ ಹಾಕಿದಾಗ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಒಂದಕ್ಕೊಂದು ಬಿಗಿಯಾಗ್ತವೆ. ಆದ್ರೆ ಒಂದೊಂದು ಆಕ್ಸಲ್ಲೊಳಗೂ ಒಂದೊಂದು ಓಪನ್ ಡಿಫರೆನ್ಷಿಯಲ್ ಇದ್ದೇ ಇರುತ್ತೆ. ಮುಂದೆ ಒಂದು, ಹಿಂದೆ ಒಂದು, ಓರೆಯಾಗಿ ಎರಡು ಚಕ್ರ ಹಿಡಿತ ಕಳ್ಕೊಂಡ್ರೆ ಮುಗೀತು. ನಮ್ಮ ತಿರುವು ಮಾಡೋದು ಸರಿಯಾಗಿ ಇದನ್ನೇ. ಲಾಕು ಅಂದ್ರೆ, ಬೇಕಾದಾಗ ಡಿಫರೆನ್ಷಿಯಲ್ ಇಲ್ಲದ ಹಾಗೆ ಮಾಡಿ, ಎಡ ಬಲ ಎರಡೂ ಚಕ್ರ ಒಂದೇ ವೇಗಕ್ಕೆ ತಿರುಗಲೇಬೇಕು ಅಂತ ಕಟ್ಟಿಹಾಕೋದು. ಆಗ ಹಿಡಿತ ಇರೋ ಚಕ್ರಕ್ಕೆ ಅದಕ್ಕೆ ಬೇಕಾದಷ್ಟು ಬಲ ಸಿಗುತ್ತೆ. ಸಾಹುಕಾರ್ರ ಟ್ರ್ಯಾಕ್ಟರಿಗೆ ಅದು ಕಾರ್ಖಾನೆಯಿಂದಲೇ ಬಂದಿರುತ್ತೆ. ಹೊಲ ಉಳೋರಿಗೆ ಕೆಸರು ಇರುತ್ತೆ ಅಂತ ಟ್ರ್ಯಾಕ್ಟರ್ ಮಾಡೋರಿಗೆ ಗೊತ್ತು. ಕೇರಿಗೆ ಹೋಗೋರಿಗೂ ಕೆಸರು ಇರುತ್ತೆ ಅಂತ ಪಿಕಪ್ ಮಾಡೋರಿಗೆ ಹೇಳೋರು ಯಾರು?

ಹಾಗಾದ್ರೆ ಕಂಪನಿ ಲಾಕು ಇರೋ ಗಾಡಿನೇ ತಗೊಳ್ಳೋದಾ, ಇದಕ್ಕೇ ಹೊರಗಿನಿಂದ ಹಾಕಿಸೋದಾ? ಈ ಪ್ರಶ್ನೆ ಮೇಲೆ ಸಂಘದಲ್ಲಿ ನಾಲ್ಕು ಸಭೆ ಆಗಿವೆ. ನಗಬೇಡಿ.

ಕಂಪನಿದೇ ಒಳ್ಳೇದು ಅನ್ನೋ ವಾದ ಮೊದಮೊದಲು ನನ್ನದೇ ಆಗಿತ್ತು. ಕಾರಣ ಯಂತ್ರದ್ದಲ್ಲ, ಕಾಗದದ್ದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗೊತ್ತಲ್ಲ, ಗಾಡಿ ಮಾರ್ಪಾಡಿನದ್ದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಾಯಿಸೋ ಹಾಗಿಲ್ಲ ಅಂತ ಗಟ್ಟಿಯಾಗೇ ಹೇಳಿತು. ನಮ್ಮ ವಕೀಲ ಮಿತ್ರರು ಕಲಂ ಕೆಳಗಿನ ವಿವರಣೆ ಓದಿ ತೋರಿಸಿದ್ರು. ಗಾಡಿಯ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬದಲಾದ್ರೆ ಅದು ಮಾರ್ಪಾಡು ಅಂತ ಇದೆ. ಆಕ್ಸಲ್ ಒಳಗಿನ ಒಂದು ಹಲ್ಲುಚಕ್ರದ ಗಂಟು ಆ ಲೆಕ್ಕಕ್ಕೆ ಬರೋದಿಲ್ಲ ಅನ್ನೋದು ಅವರ ಅಭಿಪ್ರಾಯ. ಬಿಲ್ಲು ಇಟ್ಕೊಳ್ಳಿ, ಇನ್ಶೂರೆನ್ಸ್‌ನವರಿಗೆ ಮುಂಚೆನೇ ಬರವಣಿಗೆಯಲ್ಲಿ ತಿಳಿಸಿ ಅಂದ್ರು. ಸರಿ. ಆದ್ರೆ ಸಮಾವೇಶದ ದಿನ ನಮ್ಮ ಗಾಡಿಗಳನ್ನ ಎಲ್ಲೆಲ್ಲಿ ನಿಲ್ಲಿಸ್ತಾರೆ, ಏನೇನು ಕೇಳ್ತಾರೆ ಅಂತ ನಿಮಗೆ ಗೊತ್ತು. ನೀಲಿ ಬಾವುಟ ಕಂಡ ಕೂಡಲೇ ಹೊಗೆ ಸರ್ಟಿಫಿಕೇಟ್ ನೆನಪಾಗುತ್ತೆ ಕೆಲವರಿಗೆ. ಡ್ಯಾಶ್‌ಬೋರ್ಡ್ ಮೇಲೆ ಹೊರಗಿನವರು ಹಾಕಿದ ಒಂದು ಸ್ವಿಚ್ಚು ಇದೆ ಅಂದ್ರೆ ಅದೇ ಸಾಕು ಎರಡು ತಾಸು ಕೂರಿಸೋಕೆ. ಕಂಪನಿದಾದ್ರೆ ಪುಸ್ತಕದಲ್ಲೇ ಅಚ್ಚಾಗಿರುತ್ತೆ, ಯಾರೂ ಕೇಳೋ ಹಾಗಿಲ್ಲ. ಜೊತೆಗೆ ವಾರಂಟಿ. ಆ ಲಾಕಿನ ಭಾರ ತಡೆಯೋಕೆ ಅಂತಲೇ ಆಕ್ಸಲ್ ಸರಳು, ಬೇರಿಂಗು ಲೆಕ್ಕ ಹಾಕಿ ಮಾಡಿರ್ತಾರೆ.

ಆದ್ರೆ ಬೆಲೆ? ಟೊಯೋಟಾ ಹೈಲಕ್ಸ್ 2022ರಲ್ಲಿ ನಮ್ಮ ದೇಶಕ್ಕೆ ಬಂತು. ಹಿಂದಿನ ಆಕ್ಸಲ್ಲಿಗೆ ಎಲೆಕ್ಟ್ರಿಕ್ ಲಾಕು ಕಂಪನಿಯಿಂದಲೇ ಇದೆ, ಬಟನ್ ಒತ್ತಿದ್ರೆ ಆಯ್ತು. ಬಂದಾಗ ಶುರುವಿನ ಬೆಲೆನೇ 33.99 ಲಕ್ಷ ಇತ್ತು, ಅದೂ ಶೋರೂಮ್ ಬೆಲೆ. ನಮ್ಮ ಕೇರಿಯ ಮನೆಗಳನ್ನೆಲ್ಲ ಒಟ್ಟಿಗೆ ಮಾರಿದ್ರೂ ಅಷ್ಟು ಬರುತ್ತೋ ಇಲ್ಲವೋ. 2020ರ ಹೊಸ ಮಹೀಂದ್ರ ಥಾರ್‌ನಲ್ಲಿ ಮೆಕ್ಯಾನಿಕಲ್ ಲಾಕು ಬಂತು. ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಹುಡುಗರಿಗೆಲ್ಲ ಅದರ ಮೇಲೆ ಕಣ್ಣು. ನಾನು ಒಂದೇ ಪ್ರಶ್ನೆ ಕೇಳಿದೆ: ಅದರಲ್ಲಿ ಹೆಣ ಮಲಗಿಸೋದು ಎಲ್ಲಿ? ಎಲ್ಲರೂ ಸುಮ್ಮನಾದ್ರು.

ಆ ಮೆಕ್ಯಾನಿಕಲ್ ಲಾಕಿನ ಬಗ್ಗೆ ಒಂದು ಮಾತು, ಯಾಕಂದ್ರೆ ಅದು ಚೆಂದದ ಕೆಲಸ. ಈಟನ್ ಅನ್ನೋ ಕಂಪನಿದು. ಅಮೆರಿಕದ ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ 1973ರಿಂದ ಇದೇ ಜಾತಿಯದು ಬರ್ತಿದೆ. (ಜಾತಿ ಅಂದೆ, ಕ್ಷಮಿಸಿ, ಬೇರೆ ಪದ ಸಿಗಲಿಲ್ಲ.) ಸ್ವಿಚ್ಚಿಲ್ಲ, ವೈರಿಲ್ಲ. ಎಡ ಬಲ ಚಕ್ರದ ವೇಗದಲ್ಲಿ ನಿಮಿಷಕ್ಕೆ ನೂರು ಸುತ್ತಿನಷ್ಟು ವ್ಯತ್ಯಾಸ ಬಂದ್ರೆ ಒಳಗಿನ ಒಂದು ಸಣ್ಣ ತೂಕದ ತುಂಡು ಹೊರಕ್ಕೆ ಚಿಮ್ಮಿ, ಕೊಕ್ಕೆಗೆ ಸಿಕ್ಕಿ, ತಾನೇ ಲಾಕ್ ಆಗುತ್ತೆ. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದ್ರೆ ಲಾಕ್ ಆಗೋದಿಲ್ಲ, ಹೈವೇಯಲ್ಲಿ ತೊಂದರೆ ಕೊಡಬಾರದು ಅಂತ. ಡ್ರೈವರ್‌ಗೆ ಏನೂ ತಲೆನೋವಿಲ್ಲ. ಒಂದೇ ಒಂದು, ಚಕ್ರ ಮೊದಲು ಸುತ್ತಬೇಕು, ಆಮೇಲೆ ಇದು ಎಚ್ಚರ ಆಗೋದು. ನಮ್ಮ ಚಾಡಿಯಲ್ಲಿ ಚಕ್ರ ಸುತ್ತಿದಷ್ಟೂ ಇನ್ನಷ್ಟು ಆಳಕ್ಕೆ ಇಳಿಯುತ್ತೆ.

ಇನ್ನು ಹೊರಗಿನದು. ಇದರಲ್ಲಿ ನಾವು ನೋಡಿದ್ದು ಮೂರು ದಾರಿ, ಒಂದು ಅಡ್ಡದಾರಿ.

ಅಡ್ಡದಾರಿ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಸುಮಾರು ಜನ ಅದನ್ನೇ ಸಲಹೆ ಕೊಟ್ರು. "ಡಿಫರೆನ್ಷಿಯಲ್ ಒಳಗಿನ ಹಲ್ಲುಗಳನ್ನ ವೆಲ್ಡಿಂಗ್ ಮಾಡಿಸಿಬಿಡಿ, ಎರಡು ಸಾವಿರ ರೂಪಾಯಿ ಕೆಲಸ." ಮಾಡಿಸಬೇಡಿ. ಅದು ಯಾವಾಗಲೂ ಲಾಕ್ ಆಗೇ ಇರುತ್ತೆ. ಟಾರಿನ ಮೇಲೆ ಟೈರು ಉಜ್ಜುತ್ತೆ, ತಿರುವಿನಲ್ಲಿ ಗಾಡಿ ನೇರಕ್ಕೇ ನುಗ್ಗುತ್ತೆ, ಒಂದಲ್ಲಾ ಒಂದು ದಿನ ಆಕ್ಸಲ್ ಸರಳು ಮುರಿಯುತ್ತೆ. ಚಾರ್ಮಾಡಿ ಘಾಟಿಯಲ್ಲಿ ಮಳೆ ಬರುವಾಗ ಹಿಂದೆ ಹದಿನೈದು ಜನ ಕೂರಿಸ್ಕೊಂಡು ಅಂಥ ಗಾಡಿ ಓಡಿಸೋ ಧೈರ್ಯ ನನಗಿಲ್ಲ. ಅಂದ ಹಾಗೆ ಹಿಂದೆ ಜನ ಕೂರಿಸೋದೇ ತಪ್ಪು, ಅದೂ ಗೊತ್ತು.

ಎರಡನೇದು, ಗುಜರಿಯಿಂದ ಕಂಪನಿ ಲಾಕು ಇರೋ ಹಿಂದಿನ ಆಕ್ಸಲ್ಲನ್ನೇ ಪೂರ್ತಿ ತಂದು ಕೂರಿಸೋದು. ಕಂಪನಿದೂ ಆಯ್ತು, ಕಡಿಮೆಗೂ ಆಯ್ತು ಅಂತ ಖುಷಿಯಾಗಿ ಬೆಂಗಳೂರಿಗೆ ಹೋದ್ವಿ. ಜೆ.ಸಿ. ರೋಡು, ಶಿವಾಜಿನಗರ ಎಲ್ಲ ಸುತ್ತಿದ್ವಿ. ಒಂದು ಸಿಕ್ತು ಕೂಡ. ಮೇಸ್ತ್ರಿ ಫೋನಿನಲ್ಲೇ "ಹಲ್ಲು ಎಣಿಸಿ" ಅಂದ್ರು. ಅದರ ದೊಡ್ಡ ಚಕ್ರಕ್ಕೆ 43, ಚಿಕ್ಕದಕ್ಕೆ 11. ಅಂದ್ರೆ 3.91. ನಮ್ಮ ಗಾಡಿದು 41ಕ್ಕೆ 10, ಅಂದ್ರೆ 4.1. "ವಾಪಸ್ ಬನ್ನಿ" ಅಂದ್ರು. ಮುಂದಿನ ಆಕ್ಸಲ್ ಒಂದು ಲೆಕ್ಕದಲ್ಲಿ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗಿದ್ರೆ, ಫೋರ್ ವೀಲ್ ಹಾಕಿದ ಕೂಡಲೇ ಒಂದನ್ನೊಂದು ತಿರುಚಿಕೊಂಡು ಮಧ್ಯದ ಟ್ರಾನ್ಸ್‌ಫರ್ ಕೇಸೇ ಒಡೆಯುತ್ತೆ. ಹಾಕೋದಾದ್ರೆ ಮುಂದಿನದನ್ನೂ ಬದಲಾಯಿಸಬೇಕು. ಅಷ್ಟು ದೂರ ಹೋಗಿ ಬಿರಿಯಾನಿ ತಿಂದು ವಾಪಸ್ ಬಂದ್ವಿ.

ಮೂರನೇದು, ಇರೋ ಡಿಫರೆನ್ಷಿಯಲ್ ಗೂಡನ್ನ ಹಾಗೇ ಇಟ್ಟು, ಒಳಗಿನ ಸಣ್ಣ ಹಲ್ಲುಚಕ್ರಗಳ ಜಾಗಕ್ಕೆ ಮಾತ್ರ ಕೂರಿಸೋ ಆಟೊಮ್ಯಾಟಿಕ್ ಲಾಕರ್. ಲೋಕ್ಕಾ, ಲಾಕ್ ರೈಟ್ ಅಂತೆಲ್ಲ ಹೆಸರಿನಲ್ಲಿ ಬರುತ್ತೆ. ದೊಡ್ಡ ಹಲ್ಲುಚಕ್ರದ ಹೊಂದಾಣಿಕೆ ಮುಟ್ಟೋ ಹಾಗಿಲ್ಲ, ಅದಕ್ಕೇ ಕೂಲಿನೂ ಕಮ್ಮಿ, ಬೆಲೆನೂ ಕಮ್ಮಿ. ಇದು ಸದಾ ಲಾಕ್ ಆಗೇ ಇದ್ದು, ತಿರುವಿನಲ್ಲಿ ಹೊರಗಿನ ಚಕ್ರ ಮುಂದೆ ಓಡಬೇಕಾದಾಗ ಮಾತ್ರ ಟಿಕ್ ಟಿಕ್ ಅಂತ ಬಿಟ್ಟುಕೊಡುತ್ತೆ. ಖಾಲಿ ಗಾಡಿ, ಒದ್ದೆ ಟಾರು, ಸಣ್ಣ ತಿರುವು, ಡ್ರೈವರ್ ಕಾಲು ಆಕ್ಸಿಲರೇಟರ್ ಮೇಲೆ: ಇಷ್ಟು ಕೂಡಿದ್ರೆ ಬಿಟ್ಟುಕೊಡದೆ ಹಿಂಭಾಗ ಪಕ್ಕಕ್ಕೆ ಒದೆಯುತ್ತೆ. ಒಬ್ಬನೇ ಡ್ರೈವರ್, ಅವನಿಗೆ ಗಾಡಿಯ ಸ್ವಭಾವ ಗೊತ್ತು ಅಂದ್ರೆ ನಾನು ಇದನ್ನೇ ಹಾಕಿಸ್ತಿದ್ದೆ. ಆರು ಜನ ಓಡಿಸೋ ಗಾಡಿಗೆ ಇದು ಬೇಡ ಅಂದೆ. ಮೇಸ್ತ್ರಿಯೂ ಹೂಂ ಅಂದ್ರು.

ನಾಲ್ಕನೇದು, ನಾವು ಕೊನೆಗೆ ಹಾಕಿಸಿದ್ದು: ಗಾಳಿ ಲಾಕರ್. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿ 1987ರಿಂದ ಏರ್ ಲಾಕರ್ ಮಾರ್ತಾ ಇದೆ, ಆ ಪದ್ಧತಿಯದು. ಬಾನೆಟ್ ಕೆಳಗೆ ಒಂದು ಪುಟ್ಟ ಕಂಪ್ರೆಸರ್, ಅಲ್ಲಿಂದ ಆಕ್ಸಲ್ ತನಕ ಒಂದು ತೆಳು ನಳಿಗೆ. ಸ್ವಿಚ್ ಹಾಕಿದ್ರೆ ಗಾಳಿ ಹೋಗಿ ಒಳಗಿನ ಒಂದು ಗೇರನ್ನ ತಳ್ಳಿ ಎರಡೂ ಕಡೆ ಬಿಗಿ ಮಾಡುತ್ತೆ. ಸ್ವಿಚ್ ತೆಗೆದ್ರೆ ಸ್ಪ್ರಿಂಗು ವಾಪಸ್ ತಳ್ಳುತ್ತೆ, ಗಾಡಿ ಮಾಮೂಲಿ ಓಪನ್ ಡಿಫರೆನ್ಷಿಯಲ್ ಗಾಡಿ. ಸಿಕ್ಕಿಕೊಳ್ಳೋಕೆ ಮುಂಚೆನೇ ಹಾಕ್ಕೊಂಡು ನಿಧಾನಕ್ಕೆ ಹತ್ತಬಹುದು. ಚಕ್ರ ಸುತ್ತಲಿ ಅಂತ ಕಾಯೋದು ಬೇಡ. ಹಾಕಿಸೋದು ಮಾತ್ರ ಸುಲಭ ಅಲ್ಲ. ಆಕ್ಸಲ್ ಪೂರ್ತಿ ಬಿಚ್ಚಬೇಕು, ನಮ್ಮ ಆಕ್ಸಲ್ ಸರಳಿನ ಸ್ಪ್ಲೈನ್ ಎಣಿಸಿ ಅಷ್ಟರದ್ದೇ ಲಾಕರ್ ತರಿಸಬೇಕು, ಗೂಡಿಗೆ ತೂತು ಕೊರೆದು ನಳಿಗೆ ಕೂರಿಸಬೇಕು, ದೊಡ್ಡ ಹಲ್ಲಿಗೂ ಚಿಕ್ಕ ಹಲ್ಲಿಗೂ ನಡುವಿನ ಸಡಿಲವನ್ನ ಕೂದಲೆಳೆ ಲೆಕ್ಕದಲ್ಲಿ ಹೊಂದಿಸಬೇಕು. ಮೇಸ್ತ್ರಿ ಹಲ್ಲಿಗೆ ಬಣ್ಣ ಬಳಿದು, ಕೈಯಲ್ಲೇ ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ಅಂತ ನೋಡಿ, ಮತ್ತೆ ಬಿಚ್ಚಿ, ತೆಳು ತಗಡಿನ ಬಿಲ್ಲೆ ಒಂದು ಸೇರಿಸಿ, ಮತ್ತೆ ಬಣ್ಣ ಬಳಿದು, ಹೀಗೆ ಇಡೀ ಒಂದು ದಿನ. ನನ್ನಜ್ಜ ಕಡೂರು ಕಡೆಯವರು, ಕಪಿಲೆ ಬಾವಿಗೆ ಬಾರುಮಿಣಿ ಮಾಡ್ತಿದ್ದೋರು. ಆಮೇಲೆ ಎಸ್ಟೇಟಿಗೆ ಕೂಲಿಗೆ ಬಂದಿದ್ದು. ತೊಗಲು ಎಷ್ಟು ಎಳೆದ್ರೆ ಎಷ್ಟು ತಡೆಯುತ್ತೆ ಅಂತ ಬೆರಳಲ್ಲೇ ಹೇಳ್ತಿದ್ರಂತೆ. ಆ ದಿನ ಪೂರ್ತಿ ನಾನು ಸ್ಟೂಲ್ ಹಾಕ್ಕೊಂಡು ಮೇಸ್ತ್ರಿ ಕೈಯನ್ನೇ ನೋಡ್ತಾ ಕೂತಿದ್ದೆ.

ಹಿಂದಕ್ಕೆ ಮಾತ್ರ ಯಾಕೆ ಅಂತ ಕೇಳಿದ್ರೆ, ಏರು ಹತ್ತುವಾಗ ತೂಕ ಹಿಂದಕ್ಕೆ ಬರುತ್ತೆ, ಪಿಕಪ್‌ನ ಲೋಡೂ ಹಿಂದೇ ಇರುತ್ತೆ. ಮುಂದಕ್ಕೆ ಹಾಕಿದ್ರೆ ಸ್ಟೇರಿಂಗ್ ಕಲ್ಲಾಗುತ್ತೆ. ದುಡ್ಡೂ ಇರಲಿಲ್ಲ ಬಿಡಿ.

ದುಡ್ಡಿನ ಲೆಕ್ಕ: ಲಾಕರ್, ಕಂಪ್ರೆಸರ್, ಬೇರಿಂಗು, ಸೀಲು, ಎಣ್ಣೆ, ಕೂಲಿ ಎಲ್ಲ ಸೇರಿ 1,62,000. ಜಯಂತಿ ನಿಧಿಯಲ್ಲಿ ಉಳಿದದ್ದು 40,000. ಕೇರಿಯ 22 ಮನೆಯಿಂದ ತಲಾ ಸಾವಿರ. ಹೆಣ್ಮಕ್ಕಳ ಸಂಘದ ಚೀಟಿ 50,000, ಅದನ್ನ ತೀರಿಸ್ತಿದ್ದೀವಿ. ಬೆಂಗಳೂರಿನ ನೌಕರ ಗೆಳೆಯರು 30,000. ಉಳಿದ 20,000 ನಾನು ಹಾಕಿದ್ದು. ಬಿಲ್ಲುಗಳು ಸಂಘದ ಫೈಲಿನಲ್ಲಿವೆ, ಯಾರು ಬೇಕಾದ್ರೂ ಬಂದು ನೋಡಿ. ಸಹಿ ವಾಪಸ್ ತಗೊಂಡಿದ್ದ ಆ ಅಪ್ಪನೇ ಮೊದಲ ಸಾವಿರ ತಂದುಕೊಟ್ಟಿದ್ದು. ಏನೂ ಮಾತಾಡಲಿಲ್ಲ, ಕೊಟ್ಟು ಹೋದ.

ಆದ್ರೆ ಇದಕ್ಕೆ ಗಟ್ಟಿಯಾದ ವಿರೋಧವೂ ಬಂತು, ಅದನ್ನ ಮುಚ್ಚಿಡಬಾರದು. ಬಿ.ಎಡ್. ಓದ್ತಿರೋ ನಮ್ಮ ಸಂಘದ ಹುಡುಗಿಯೊಬ್ಬಳು ಕೊನೇ ಸಭೆಯಲ್ಲಿ ಎದ್ದು ನಿಂತು ಕೇಳಿದ್ಲು: "ಅಣ್ಣಾ, ರಸ್ತೆ ಕೇಳೋದು ನಮ್ಮ ಹಕ್ಕು. ಲಾಕರ್ ಹಾಕಿಸಿದ್ರೆ ರಸ್ತೆ ಇಲ್ಲದೇ ಬದುಕೋಕೆ ನಾವೇ ದುಡ್ಡು ಖರ್ಚು ಮಾಡಿದ ಹಾಗೆ ಅಲ್ವಾ? ನಾಳೆ ಪಂಚಾಯಿತಿಯವರು, ನಿಮ್ಮ ಗಾಡಿ ಹೋಗ್ತಿದೆಯಲ್ಲ, ರಸ್ತೆ ಯಾಕೆ ಅಂದ್ರೆ?" ನನ್ನ ಹತ್ರ ಉತ್ತರ ಇರಲಿಲ್ಲ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣ ನಮಗೇ ಇಡಬೇಕು ಅನ್ನುತ್ತೆ. ಆ ಹಣವನ್ನ ಬೇರೆ ಕಡೆ ಹರಿಸೋಕೆ ಬಾಗಿಲಾಗಿದ್ದ 7ಡಿ ಕಲಂ ಕಿತ್ತುಹಾಕಿಸೋಕೇ 2023 ಬರಬೇಕಾಯ್ತು. ಆ ಹೋರಾಟದಲ್ಲಿ ಬೀದಿಗಿಳಿದಿದ್ದ ನಾನೇ ಈಗ ಕಂಪ್ರೆಸರ್ ಬೆಲೆ ವಿಚಾರಿಸ್ತಿದ್ದೀನಿ! ರಸ್ತೆ ಅರ್ಜಿ ಬಿಡಲ್ಲ ಅಂತ ಅವಳಿಗೆ ಮಾತು ಕೊಟ್ವಿ. ಅರ್ಜಿ ಬೆನ್ನು ಹತ್ತೋ ಜವಾಬ್ದಾರಿ ಅವಳೇ ತಗೊಂಡ್ಲು. ಆಮೇಲೇ ಸಭೆ ಒಪ್ಪಿದ್ದು.

2024ರ ಮೇ ತಿಂಗಳಲ್ಲಿ ಹಾಕಿಸಿದ್ವಿ. ಆ ಮಳೆಗಾಲದಲ್ಲಿ ಕಲಿತದ್ದು ಒಂದಷ್ಟು ಇದೆ, ಇಂಥ ದಾರಿಯಲ್ಲಿ ಓಡಾಡೋ ಸಂಗಾತಿಗಳಿಗೆ ಉಪಯೋಗ ಆಗಬಹುದು.

ಲಾಕು ಹಾಕೋದು ಗಾಡಿ ನಿಂತಾಗ, ಇಲ್ಲ ತೀರಾ ನಿಧಾನಕ್ಕೆ ಹೋಗುವಾಗ. ಚಕ್ರ ಗಿರಗಿರ ತಿರುಗುವಾಗ ಹಾಕಿದ್ರೆ ಹಲ್ಲು ಮುರಿಯುತ್ತೆ. ಟಾರು ಸಿಕ್ಕ ಕೂಡಲೇ ತೆಗೀಬೇಕು. ನಮ್ಮ ಹುಡುಗರು ಮರೀತಾರೆ ಅಂತ ಸ್ವಿಚ್ಚಿಗೆ ಒಂದು ಬಜರ್ ಹಾಕಿಸಿದ್ದೀವಿ, ಲಾಕ್ ಇರೋ ತನಕ ಕೀರಲು ಹೊಡೀತಾನೇ ಇರುತ್ತೆ, ತಲೆ ಚಿಟ್ಟು ಹಿಡಿದು ತೆಗೀತಾರೆ. ಪಕ್ಕಕ್ಕೆ ವಾಲಿದ ಜಾರು ಇಳಿಜಾರಿನಲ್ಲಿ ಲಾಕು ಹಾಕಲೇಬೇಡಿ. ಓಪನ್ ಇದ್ದಾಗ ಒಂದು ಚಕ್ರ ಸುತ್ತಿದ್ರೂ ಇನ್ನೊಂದು ಸುಮ್ಮನೆ ನಿಂತು ಹಿಂಭಾಗವನ್ನ ಹಿಡಿದಿರುತ್ತೆ. ಲಾಕ್ ಆದ್ರೆ ಎರಡೂ ಒಟ್ಟಿಗೆ ಜಾರಿ ಇಡೀ ಗಾಡಿ ಪಕ್ಕಕ್ಕೆ ಸರಿಯುತ್ತೆ. ಇದನ್ನ ಒಂದು ಸಲ ಅನುಭವಿಸಿದ್ದೀನಿ. ಒಂದೇ ಒಂದು ಸಿಲ್ವರ್ ಓಕ್ ಮರ ಉಳಿಸ್ತು.

ಲಾಕರ್ ಹಾಕಿಸೋಕೆ ದುಡ್ಡಿಲ್ಲದವರು ಮೊದಲು ಇದನ್ನ ಮಾಡಿ. ಕೆಸರಿಗೆ ಇಳಿಯೋ ಮುಂಚೆ ಟೈರಿನ ಗಾಳಿ ಇಳಿಸಿ, ಟಾರಿಗೆ ಬಂದ ಮೇಲೆ ತುಂಬಿಸ್ಕೊಳ್ಳಿ. ಹಿಂದಿನ ಚಕ್ರಕ್ಕೆ ಸರಪಳಿ ಕಟ್ಟಿ, ನಮ್ಮ ಕಡೆ ಎಸ್ಟೇಟ್ ಜೀಪಿನವರು ಮೊದಲಿಂದಲೂ ಮಾಡೋದು ಅದನ್ನೇ. ಇನ್ನೊಂದು ಉಪಾಯ ಹಳೇ ಜೀಪ್ ಡ್ರೈವರ್ ಒಬ್ಬರು ಹೇಳಿಕೊಟ್ಟದ್ದು. ಹಿಂದಿನ ಒಂದೇ ಚಕ್ರ ಸುತ್ತುತ್ತಿದ್ರೆ ಹ್ಯಾಂಡ್ ಬ್ರೇಕನ್ನ ಎರಡು ಮೂರು ಹಲ್ಲು ಮಾತ್ರ ಎಳೆದು ನಿಧಾನಕ್ಕೆ ಆಕ್ಸಿಲರೇಟರ್ ಕೊಡಿ. ಸುತ್ತೋ ಚಕ್ರಕ್ಕೆ ಬ್ರೇಕಿನ ಭಾರ ಬಿದ್ದಷ್ಟೂ ಇನ್ನೊಂದು ಕಡೆಗೆ ಬಲ ಜಾಸ್ತಿ ಹೋಗುತ್ತೆ. ಮೇಸ್ತ್ರಿ ಹೇಳಿದ ಹತ್ತು ಕೇಜಿ ಲೆಕ್ಕ ನೆನಪಿದ್ಯಲ್ಲ, ಅದನ್ನ ಮೂವತ್ತು ನಲವತ್ತು ಮಾಡೋ ವಿದ್ಯೆ ಇದು. ಯಾವಾಗಲೂ ಕೆಲಸ ಮಾಡಲ್ಲ, ಕೆಲವೊಮ್ಮೆ ಸಾಕಾಗುತ್ತೆ. ಹೊಸ ಗಾಡಿಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಅಂತ ಇರುತ್ತಲ್ಲ, ಅದೂ ಸುತ್ತೋ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು ಇದೇ ಕೆಲಸ ಮಾಡೋದು.

ಗಾಳಿ ಲಾಕರಿನ ಇನ್ನೊಂದು ಲಾಭ ಆ ಕಂಪ್ರೆಸರ್. ಟೈರಿಗೆ ಗಾಳಿ ತುಂಬಿಸೋಕೆ ಪೇಟೆ ತನಕ ಹೋಗೋದು ತಪ್ಪಿತು. ಕೇರಿ ಮಕ್ಕಳೆಲ್ಲ ಭಾನುವಾರ ಸೈಕಲ್ ತಳ್ಕೊಂಡು ಬಂದು ಸಾಲಲ್ಲಿ ನಿಂತಿರ್ತಾವೆ.

ಆ ಮಳೆಗಾಲದಲ್ಲಿ ಹದಿನಾಲ್ಕು ಸಲ ಲಾಕು ಹಾಕಿ ಆ ತಿರುವು ದಾಟಿದ್ದೀವಿ. ಡೈರಿಯಲ್ಲಿ ಬರೆದಿಟ್ಟಿದ್ದೀನಿ. ಮೂರು ಆಸ್ಪತ್ರೆಗೆ, ಒಂದು ಹೆಣ, ಉಳಿದದ್ದು ರೇಷನ್ನು, ಸಿಮೆಂಟು, ಶಾಲೆ ಪರೀಕ್ಷೆ. ಒಂದು ಸಲವೂ ಟ್ರ್ಯಾಕ್ಟರ್ ಕೇಳೋಕೆ ಹೋಗಲಿಲ್ಲ. ಸ್ಮಶಾನದ ಅರ್ಜಿಗೆ ಆ ನಾಲ್ಕೂ ಮನೆಯವರು ಮತ್ತೆ ಸಹಿ ಹಾಕಿದ್ದಾರೆ. ಸರ್ವೆ ಇನ್ನೂ ಆಗಿಲ್ಲ.

ರಸ್ತೆ ವಿಷಯ? ಆ ಹುಡುಗಿ ಹೇಳಿದ ಹಾಗೇ ಆಯ್ತು. ಅವಳು ನಾಲ್ಕು ಅರ್ಜಿ ಹಾಕಿ, ಎರಡು ಸಲ ಧರಣಿ ಕೂತ ಮೇಲೆ ಒಬ್ಬ ಎಂಜಿನಿಯರ್ ಸ್ಥಳ ನೋಡೋಕೆ ಬಂದ್ರು. ಆಗಸ್ಟ್ ತಿಂಗಳು, ಬೆಳಿಗ್ಗೆಯಿಂದ ಬಿಡದ ಮಳೆ. ಎಸ್ಟೇಟ್ ಗೇಟಿನ ಹತ್ರ ಜೀಪಿಂದ ಇಳಿದು ನಮ್ಮ ಪಿಕಪ್ ನೋಡಿ, "ನಿಮ್ಮ ಗಾಡಿ ಹತ್ತುತ್ತಂತಲ್ಲ, ಅದರಲ್ಲೇ ಹೋಗಿ ನೋಡ್ಕೊಂಡು ಬರೋಣ" ಅಂದ್ರು. ನಮ್ಮ ಹುಡುಗ ಆಗಲೇ ಬಾಗಿಲು ತೆಗೆದುಬಿಟ್ಟಿದ್ದ. ಅವಳು ಕೈ ಚಾಚಿ ಕೀ ಕಿತ್ಕೊಂಡು ಚೀಲಕ್ಕೆ ಹಾಕ್ಕೊಂಡ್ಲು. "ಇಲ್ಲ ಸರ್, ಬ್ಯಾಟರಿ ಕೂತಿದೆ. ನಡ್ಕೊಂಡೇ ಹೋಗೋಣ." ಇಸ್ತ್ರಿ ಪ್ಯಾಂಟು, ಕಪ್ಪು ಬೂಟು. ತಿರುವಿನ ಹತ್ರ ಒಂದು ಬೂಟು ಚಾಡಿಯಲ್ಲೇ ಉಳೀತು, ನಮ್ಮ ಅಜ್ಜಿಯೊಬ್ಬರು ಕೋಲು ಹಾಕಿ ಎತ್ತಿಕೊಟ್ರು. ಎಸ್ಟಿಮೇಟ್ ತಯಾರಾಗಿದೆಯಂತೆ, 840 ಮೀಟರ್ ಕಾಂಕ್ರೀಟು, ಎರಡು ಮೋರಿ. ಫೈಲು ಜಿಲ್ಲೆಯಲ್ಲಿದೆ. ಮುಂದಿನ ವಾರ ಅವಳು ಮತ್ತೆ ಹೋಗ್ತಿದ್ದಾಳೆ, ಜೊತೆಗೆ ಬರೋರು ಕಾಮೆಂಟಿನಲ್ಲಿ ಹೇಳಿ.

ಹಾಗೇ ಯಾರ ಹತ್ರನಾದ್ರೂ ಹದಿನೈದು ಇಂಚಿನ ಟೈರಿಗಾಗೋ ಹಳೇ ಸರಪಳಿ ಒಂದು ಜೊತೆ ಬಿದ್ದಿದ್ರೆ ತಿಳಿಸಿ. ಪಕ್ಕದ ಹೋಬಳಿ ಸಂಘದವರ ಗಾಡಿಗೆ ಬೇಕು, ಅವರದು ಬರೀ ಟೂ ವೀಲ್ ಡ್ರೈವ್.

ಜೈ ಭೀಮ್.